18 ತುಂಬಿ ಬಾಲಗೃಹ ಬಿಡುವ ಹುಡುಗಿ ಕಾಲೇಜು ಓದುವುದು ಹೇಗೆ?

ಪ್ರಶ್ನೆ: ನಾವು ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. ನನ್ನ ಹೆಂಡತಿ ಹತ್ತಿರದ ಬಾಲಗೃಹದ ಮಕ್ಕಳಿಗೆ ಗಣಿತ ಹೇಳಿಕೊಡಲು ಹೋಗುತ್ತಾಳೆ. ಅಲ್ಲಿನ ಒಬ್ಬಳು ಹುಡುಗಿ ಈಗ 12ನೇ ತರಗತಿ. ಬರುವ ಬೇಸಿಗೆಗೆ 18 ತುಂಬುತ್ತದೆ. ಅಪ್ಪ ಅಮ್ಮ ಇಬ್ಬರೂ ಇಲ್ಲ. ಇಂಜಿನಿಯರಿಂಗ್ ಓದಬೇಕು ಅಂತ ಆಸೆ. ಆಮೇಲೆ ಅವಳು ಎಲ್ಲಿರಬೇಕು, ಫೀಸು ಯಾರು ಕಟ್ಟಬೇಕು? ನಾವು ಒಂದಿಷ್ಟು ದುಡ್ಡು ಕೊಡಲು ತಯಾರಿದ್ದೇವೆ. ಎಲ್ಲಿಂದ ಶುರು ಮಾಡೋಣ?

ಉತ್ತರ: ದುಡ್ಡು ಸದ್ಯಕ್ಕೆ ನಿಮ್ಮ ಬಳಿಯೇ ಇರಲಿ. ಮೊದಲು ಅವಳ ಕಾಗದಪತ್ರ ನೋಡಿ. ಮಹಾರಾಷ್ಟ್ರದಲ್ಲಿ ಇಂಥ ಮಕ್ಕಳ ಕಾಲೇಜಿಗೆ ಸರ್ಕಾರದ ದುಡ್ಡು ಇದೆ, ಸೀಟೂ ಇದೆ. ಆದರೆ ಎಲ್ಲವೂ ಒಂದೆರಡು ಸರ್ಟಿಫಿಕೇಟಿನ ಮೇಲೆ ನಿಂತಿದೆ. ಅವನ್ನು ಹುಡುಗಿ ಬಾಲಗೃಹದಲ್ಲಿ ಇರುವಾಗಲೇ ಮಾಡಿಸಿಕೊಂಡರೆ ಸುಲಭ. ಹೊರಗೆ ಬಂದ ಮೇಲೆ ಹಳೇ ಫೈಲು ಹುಡುಕಿಸುವುದು, ಬದಲಾದ ಅಧೀಕ್ಷಕರ ಸಹಿ ಹಾಕಿಸುವುದು, ಅಡ್ಮಿಷನ್ನಿನ ಕೊನೇ ದಿನ ಹತ್ತಿರ ಬಂದಾಗ ಕಚೇರಿಯಿಂದ ಕಚೇರಿಗೆ ಅಲೆಯುವುದು, ಇದೆಲ್ಲ 18ರ ಹುಡುಗಿ ಒಬ್ಬಳೇ ಮಾಡುವ ಕೆಲಸ ಅಲ್ಲ.

ಮೊದಲನೆಯದು ಅನಾಥ ಪ್ರಮಾಣಪತ್ರ. ಜಿಲ್ಲಾ ಮಹಿಳಾ ಮತ್ತು ಬಾಲ ವಿಕಾಸ ಅಧಿಕಾರಿಯ ಕಚೇರಿಗೆ ಅರ್ಜಿ ಹೋಗಬೇಕು. ಬಾಲಗೃಹದವರೇ ಕಳಿಸುತ್ತಾರೆ, ಆದರೆ ಕಳಿಸಿದ್ದಾರಾ ಅಂತ ನೀವು ಕೇಳಿ. ಮತ್ತೆ ಮತ್ತೆ ಕೇಳಿ. ಇದು ಕೈಗೆ ಬಂದರೆ ರಾಜ್ಯದ 1 ಪರ್ಸೆಂಟ್ ಅನಾಥ ಮೀಸಲಾತಿ ಅನ್ವಯಿಸುತ್ತದೆ, ಶಿಕ್ಷಣಕ್ಕೂ ಸರ್ಕಾರಿ ನೌಕರಿಗೂ. 2018ರಲ್ಲಿ ಇದು ಬಂದಿದ್ದರ ಹಿಂದೆ ಒಬ್ಬ ಹುಡುಗಿಯ ಹಟ ಇದೆ. ಗೋವಾದ ಅನಾಥಾಲಯದಲ್ಲಿ ಬೆಳೆದು, 18 ತುಂಬಿದ ಮೇಲೆ ಪುಣೆಗೆ ಬಂದ ಅಮೃತಾ ಕರವಂದೆ ಅನ್ನುವವರು ರಾಜ್ಯ ಲೋಕಸೇವಾ ಪರೀಕ್ಷೆ ಬರೆದರು. ತಾನು ಯಾವ ವರ್ಗಕ್ಕೆ ಸೇರಿದವಳು ಅಂತ ತೋರಿಸಲು ಕಾಗದವೇ ಇಲ್ಲದೆ ನೌಕರಿ ತಪ್ಪಿತು. ಸುಮ್ನೆ ಕೂರದೆ ಆಗಿನ ಮುಖ್ಯಮಂತ್ರಿ ಫಡ್ನವೀಸ್ ಅವರನ್ನೇ ಹೋಗಿ ಕಂಡರು. ಅಪ್ಪ ಅಮ್ಮನ ಜಾತಿಯೇ ಗೊತ್ತಿಲ್ಲದ ಮಗುವಿಗೆ ಜಾತಿ ಸರ್ಟಿಫಿಕೇಟ್ ಎಲ್ಲಿಂದ ಬರಬೇಕು, ಅಲ್ವಾ?

2023ರ ಏಪ್ರಿಲ್ 6ರ ಜಿಆರ್ (ಸರ್ಕಾರಿ ಆದೇಶ) ಪ್ರಕಾರ ಈಗ ಎರಡು ವರ್ಗ ಇವೆ. ಸಂಸ್ಥೆಯಲ್ಲಿ ಬೆಳೆದವರದು ಒಂದು, ಅಪ್ಪ ಅಮ್ಮ ಇಬ್ಬರೂ ತೀರಿಕೊಂಡು ನೆಂಟರ ಮನೆಯಲ್ಲಿ ಬೆಳೆದವರದು ಇನ್ನೊಂದು. ನಿಮ್ಮ ಹುಡುಗಿ ಮೊದಲನೆಯದಕ್ಕೆ ಬರುತ್ತಾಳೆ. ಅಮ್ಮನೋ ಅಪ್ಪನೋ ಒಬ್ಬರು ಬದುಕಿದ್ದು, ಸಾಕಲಾಗದೆ ಬಾಲಗೃಹಕ್ಕೆ ಬಿಟ್ಟ ಮಕ್ಕಳು ತುಂಬಾ ಇದ್ದಾರೆ. ಅವರಿಗೆ ಈ ಮೀಸಲಾತಿ ಸಿಗುವುದಿಲ್ಲ. ನನಗೆ ಇದು ಸರಿ ಅನ್ನಿಸುವುದಿಲ್ಲ, ಆದರೆ ನಿಯಮ ಹಾಗಿದೆ.

ಇನ್ನು ಫೀಸು. 2024ರ ಜುಲೈನಲ್ಲಿ ಮಹಾರಾಷ್ಟ್ರ ಸರ್ಕಾರ ವೃತ್ತಿಪರ ಕೋರ್ಸುಗಳಿಗೆ ಹಿಂದುಳಿದ ವರ್ಗದ, ಆರ್ಥಿಕವಾಗಿ ದುರ್ಬಲ ಮನೆಗಳ ಹುಡುಗಿಯರ ಪೂರ್ತಿ ಫೀಸು ತಾನೇ ಕಟ್ಟುವುದಾಗಿ ಹೇಳಿದ್ದು ಪೇಪರಿನಲ್ಲಿ ದೊಡ್ಡದಾಗಿ ಬಂದಿತ್ತು. ಅದೇ ಆದೇಶದಲ್ಲಿ ಈ ಎರಡು ವರ್ಗದ ಅನಾಥ ಹುಡುಗರು, ಹುಡುಗಿಯರು ಇಬ್ಬರೂ ಸೇರಿದ್ದಾರೆ ಅನ್ನುವುದು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ ಎರಡೂ ಇದರಲ್ಲಿ ಬರುತ್ತವೆ. ಆದರೆ ಸೀಟು ಸರ್ಕಾರದ ಕ್ಯಾಪ್ ರೌಂಡಿನಲ್ಲೇ, ಅಂದರೆ ಎಲ್ಲ ಕಾಲೇಜಿಗೂ ಒಟ್ಟಿಗೆ ನಡೆಸುವ ಸೀಟು ಹಂಚಿಕೆಯಲ್ಲೇ ಸಿಗಬೇಕು. ಮ್ಯಾನೇಜ್‌ಮೆಂಟ್ ಕೋಟಾಗೆ ಇಲ್ಲ. ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳಿಗೂ ಇಲ್ಲ. ಪುಣೆಯಲ್ಲಿ ಈ ಥರದ ವಿಶ್ವವಿದ್ಯಾಲಯಗಳು ಸಾಕಷ್ಟಿವೆ, ಜಾಹೀರಾತೂ ಜೋರು. ಆದ್ದರಿಂದ ಹುಡುಗಿ ಎಮ್‌ಎಚ್‌ಟಿ-ಸಿಇಟಿ, ಅಂದರೆ ರಾಜ್ಯದ ಪ್ರವೇಶ ಪರೀಕ್ಷೆ, ಬರೆಯಲೇಬೇಕು. ಫಾರಂ ತುಂಬುವಾಗ ಅನಾಥ ಅನ್ನುವ ಕಾಲಮ್ಮಿಗೆ ಟಿಕ್ ಹಾಕಲು ಮರೆಯಬಾರದು.

ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟಾದ ಮಹಾಡಿಬಿಟಿ ಪೋರ್ಟಲ್‌ನಲ್ಲಿ ಫೀಸಿನ ಅರ್ಜಿ ಹಾಕುವಾಗ ಆಧಾರ್‌ಗೆ ಜೋಡಿಸಿದ ಅವಳದೇ ಬ್ಯಾಂಕ್ ಅಕೌಂಟ್ ಬೇಕು. ಬಾಲಗೃಹದ ಮಕ್ಕಳ ಅಕೌಂಟು ಎಷ್ಟೋ ಸಲ ಅಧೀಕ್ಷಕರ ಜೊತೆ ಜಾಯಿಂಟ್ ಆಗಿರುತ್ತದೆ. ಆಧಾರ್‌ನಲ್ಲಿ ಸಂಸ್ಥೆಯ ವಿಳಾಸ, ಶಾಲೆ ಬಿಟ್ಟ ಸರ್ಟಿಫಿಕೇಟಿನಲ್ಲಿ (ಎಲ್‌ಸಿ) ಹೆಸರಿನ ಕಾಗುಣಿತ ಬೇರೆ, ಜನ್ಮದಿನಾಂಕ ಇನ್ನೊಂದು. ರಾಜ್ಯದ ನಿವಾಸಿ ಅಂತ ತೋರಿಸುವ ಡೊಮಿಸೈಲ್ ಸರ್ಟಿಫಿಕೇಟ್ ಮಾಡಿಸಿಯೇ ಇರುವುದಿಲ್ಲ. ಇವನ್ನೆಲ್ಲ ಬೋರ್ಡ್ ಪರೀಕ್ಷೆಗೆ ಮುಂಚೆಯೇ ಒಂದು ಫೈಲಿನಲ್ಲಿ ಇಟ್ಟು ತಾಳೆ ಹಾಕಿ ನೋಡಿ. ನಿಮ್ಮ ಮನೆಯವರು ಗಣಿತ ಹೇಳಿಕೊಡುವ ಒಂದು ವಾರ ಇದನ್ನು ಮಾಡಿದರೂ ನಷ್ಟವಿಲ್ಲ.

ಫೀಸು ಇಲ್ಲವಾದರೂ ಊಟ, ರೂಮು, ಲ್ಯಾಪ್‌ಟಾಪ್, ಬಸ್ ಪಾಸು ಉಳಿಯುತ್ತವೆ. ಇದಕ್ಕೆ ಅನುರಕ್ಷಣೆ ಅಂತ ಒಂದು ವ್ಯವಸ್ಥೆ ಇದೆ. 2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್ ಪ್ರಕಾರ ಸಂಸ್ಥೆ ಬಿಟ್ಟ ಮಕ್ಕಳಿಗೆ 18 ಆದ ಮೇಲೂ ಆರ್ಥಿಕ ನೆರವು ಕೊಡಬಹುದು. ಸಾಮಾನ್ಯವಾಗಿ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ ಇನ್ನೂ 2 ವರ್ಷ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಇಟ್ಟಿದ್ದಾರೆ. ಅಪ್ಪನೋ ಅಮ್ಮನೋ ಬದುಕಿದ್ದರೂ ಇದು ಸಿಗಬಹುದು, ಸಂಸ್ಥೆಯಿಂದ ಹೊರಬಂದವರಾಗಿದ್ದರೆ ಸಾಕು.

ಆದರೆ ಇದು ತಾನಾಗಿ ಬರುವುದಿಲ್ಲ. ಮಗು ಹೊರಡುವ 2 ತಿಂಗಳ ಮುಂಚೆ ಕೇಸ್ ವರ್ಕರ್ ಮುಂದಿನ ಯೋಜನೆ ಬರೆದು ಬಾಲ ಕಲ್ಯಾಣ ಸಮಿತಿಗೆ (ಇಂಥ ಮಕ್ಕಳ ಬಗ್ಗೆ ತೀರ್ಮಾನ ಮಾಡುವ ಜಿಲ್ಲೆಯ ಸಮಿತಿ) ಕೊಡಬೇಕು ಅಂತ ನಿಯಮದಲ್ಲೇ ಇದೆ. ಕೆಲಸದ ಒತ್ತಡದಲ್ಲಿ ಇದನ್ನು ಕೊನೇ ವಾರಕ್ಕೆ ತಳ್ಳುವುದೂ ಉಂಟು. ನೀವು ಅಧೀಕ್ಷಕರ ಹತ್ತಿರ ಜಗಳ ಆಡಬೇಡಿ, ಅವರೂ ನೂರೆಂಟು ಕೆಲಸದಲ್ಲಿರುತ್ತಾರೆ. ಯೋಜನೆಯಲ್ಲಿ ಇಂಜಿನಿಯರಿಂಗ್ ಅಂತ ಬರೆದಿದ್ದಾರಾ ಅಂತ ಮಾತ್ರ ನೋಡಿ. ಹುಡುಗಿಯರಿಗೆ ನರ್ಸಿಂಗೋ ಹೊಲಿಗೆಯೋ ಬ್ಯೂಟಿ ಪಾರ್ಲರೋ ಅಂತ ಬರೆದುಬಿಡುವ ಅಭ್ಯಾಸ ಇನ್ನೂ ಹೋಗಿಲ್ಲ. ಇನ್ನೊಂದು ಲೆಕ್ಕ: ಡಿಗ್ರಿ 4 ವರ್ಷ, ನೆರವು 21ಕ್ಕೆ ನಿಲ್ಲುತ್ತದೆ. ಅಂದರೆ ಕೊನೇ ವರ್ಷ, ಪ್ರಾಜೆಕ್ಟ್ ಮತ್ತು ಕ್ಯಾಂಪಸ್ ಇಂಟರ್‌ವ್ಯೂ ಇರುವ ಹೊತ್ತಿಗೇ ಖಾಲಿ ಕೈ. ಮುಂದುವರಿಸುವ ಅರ್ಜಿಯನ್ನು 21 ತುಂಬುವ ಮುಂಚೆ ಹಾಕಿಸಿ.

ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಸ್ವನಾಥ್ ಸ್ಕಾಲರ್‌ಶಿಪ್ ಕೂಡ ಇದೆ. ಎಐಸಿಟಿಇ ಮಾನ್ಯತೆ ಇರುವ ಕಾಲೇಜಿನಲ್ಲಿ ಡಿಗ್ರಿ ಅಥವಾ ಡಿಪ್ಲೊಮಾ ಓದುವ ಅನಾಥರಿಗೆ ವರ್ಷಕ್ಕೆ 50,000. ಎರಡು ಸರ್ಕಾರಿ ಸ್ಕಾಲರ್‌ಶಿಪ್ ಒಟ್ಟಿಗೆ ತೆಗೆದುಕೊಳ್ಳಲು ಎಲ್ಲ ಕಡೆ ಬಿಡುವುದಿಲ್ಲ. ಅದಕ್ಕೆ ಷರತ್ತು ಓದಿ ಯಾವುದು ಜಾಸ್ತಿ ಲಾಭ ಅಂತ ನೋಡಿ ಹಾಕಿ. ಅಪ್ಪ ಅಮ್ಮ ಕೋವಿಡ್‌ನಲ್ಲಿ ತೀರಿಕೊಂಡವರಾಗಿದ್ದು ಹೆಸರು ಪಿಎಂ ಕೇರ್ಸ್ ಮಕ್ಕಳ ಯೋಜನೆಯಲ್ಲಿ ಇದ್ದರೆ ಲೆಕ್ಕವೇ ಬೇರೆ, 23 ತುಂಬಿದಾಗ 10 ಲಕ್ಷ ಬರುತ್ತದೆ.

ಬ್ಯಾಂಕ್ ಸಾಲ ಕೊನೆಗೆ ಇರಲಿ. 4 ಲಕ್ಷದವರೆಗೆ ಅಡಮಾನ ಬೇಡ ಅಂತಾರೆ ನಿಜ, ಆದರೆ ಜೊತೆಗೆ ಸಹಿ ಹಾಕಲು ಅಪ್ಪನೋ ಅಮ್ಮನೋ ಪೋಷಕರೋ ಬೇಕು ಅಂತಾರೆ. ಇಲ್ಲಿಗೇ ಬಂತಲ್ಲ ತೊಂದರೆ.

ಈಗ ನೀವು ಮಾಡಬಹುದಾದ ಕೆಲಸಕ್ಕೆ ಬರುತ್ತೇನೆ. ಸಹಿ! ಹಾಸ್ಟೆಲ್ ಫಾರಂನಲ್ಲಿ ಲೋಕಲ್ ಗಾರ್ಡಿಯನ್ ಅಂತ ಒಂದು ಖಾನೆ ಇರುತ್ತದೆ. ಜ್ವರ ಬಂದರೆ ಫೋನ್ ಮಾಡಲು ಒಂದು ನಂಬರ್ ಕೇಳುತ್ತಾರೆ. ಕಾಟ್ ಬೇಸಿಸ್ ರೂಮಿಗೆ (ಒಂದು ಮಂಚದ ಜಾಗಕ್ಕೆ ಬಾಡಿಗೆ) ಹೋದರೆ ಮನೆ ಮಾಲೀಕರು ಡಿಪಾಸಿಟ್ಟಿನ ಜೊತೆ "ತಂದೆಯವರ ಹತ್ತಿರ ಮಾತಾಡಿಸು" ಅಂತಾರೆ. ಈ ಮೂರು ಕಡೆ ನಿಮ್ಮ ಹೆಸರು ಕೊಡಿ. ದೀಪಾವಳಿ ರಜೆ, ಬೇಸಿಗೆ ರಜೆಯಲ್ಲಿ ಎಷ್ಟೋ ಹಾಸ್ಟೆಲ್ ಬಾಗಿಲು ಹಾಕುತ್ತವೆ, ಮೆಸ್ ಕೂಡ ನಿಲ್ಲುತ್ತದೆ. ಎಲ್ಲರೂ ಊರಿಗೆ ಹೊರಡುವಾಗ ಇವಳು ಎಲ್ಲಿಗೆ ಹೋಗಬೇಕು? 18 ಆದ ಮೇಲೆ ಅವಳು ನಿಮ್ಮ ಮನೆಗೆ ಬಂದಿರಲು ಯಾರ ಅಪ್ಪಣೆಯೂ ಬೇಕಿಲ್ಲ. ಅದಕ್ಕೂ ಮುಂಚೆಯಾದರೆ ಬಾಲ ಕಲ್ಯಾಣ ಸಮಿತಿಯ ಅನುಮತಿ ಇಲ್ಲದೆ ಒಂದು ರಾತ್ರಿಯೂ ಕರೆದುಕೊಂಡು ಹೋಗಬೇಡಿ.

ದುಡ್ಡು ಕೊಡುವುದಾದರೆ ಒಂದೇ ಸಲ ದೊಡ್ಡ ಮೊತ್ತ ಬೇಡ. ಸರ್ಕಾರದ ದುಡ್ಡು ಬರುತ್ತದೆ, ಆದರೆ ಕಾಲೇಜು ಶುರುವಾಗಿ ತಿಂಗಳುಗಟ್ಟಲೆ ಆದ ಮೇಲೆ. ಮೊದಲ ಸೆಮಿಸ್ಟರಿನ ಮೆಸ್ ಬಿಲ್ಲು, ಡ್ರಾಯಿಂಗ್ ಸಾಮಾನು, ಡಿಪಾಸಿಟ್ಟು ಇವಕ್ಕೆ ಕೈಯಲ್ಲಿ ಇರಬೇಕಲ್ಲ, ಅಲ್ಲಿ ನೀವು ನಿಲ್ಲಿ. ಬೇಕಿದ್ದರೆ ಅವಳೂ ಸ್ವಲ್ಪ ದುಡಿಯಬಹುದು. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ 'ಕಮವಾ ವ ಶಿಕಾ' (ದುಡಿ, ಕಲಿ) ಯೋಜನೆಯಲ್ಲಿ ಲೈಬ್ರರಿಯಲ್ಲೋ ಆಫೀಸಿನಲ್ಲೋ ಗಂಟೆ ಲೆಕ್ಕದ ಕೆಲಸ ಕೊಡುತ್ತಾರೆ. ಬಡ ಮಕ್ಕಳ ಓದಿಗೆ ದುಡಿದ ಮಹಾರಾಷ್ಟ್ರದ ಶಿಕ್ಷಣ ಸುಧಾರಕ ಕರ್ಮವೀರ ಭಾವೂರಾವ್ ಪಾಟೀಲರ ಹೆಸರಿನ ಯೋಜನೆ ಅದು. ಅವರ ಹಿರಿಯರು ನಮ್ಮ ಮೂಡಬಿದಿರೆ ಕಡೆಯವರು ಅನ್ನುತ್ತಾರೆ. ದುಡಿದು ಓದುವುದು ನಮ್ಮವರಿಗೂ ಹೊಸದಲ್ಲ, ಮುಂಬೈಯಲ್ಲಿ ಹಗಲು ಹೋಟೆಲಿನಲ್ಲಿ ಲೋಟ ತೊಳೆದು ಸಂಜೆ ಕನ್ನಡ ರಾತ್ರಿಶಾಲೆಗೆ ಹೋದ ಹುಡುಗರು ಎಷ್ಟು ಜನ! ಆದರೆ ಮೊದಲ ವರ್ಷ ಮಾತ್ರ ಅವಳನ್ನು ದುಡಿಯಲು ಕಳಿಸಬೇಡಿ. ಮರಾಠಿ ಮಾಧ್ಯಮದಿಂದ ಬಂದ ಹುಡುಗಿಯಾಗಿದ್ದರೆ ಅವಳಿಗೆ ಇಂಗ್ಲಿಷಿನ ಇಂಜಿನಿಯರಿಂಗ್ ಗಣಿತವೇ ಸಾಕಷ್ಟು ಭಾರ. ಮೊದಲ ಸೆಮಿಸ್ಟರಿನಲ್ಲಿ ಒಂದೆರಡು ಎಟಿಕೆಟಿ ಬಂದರೆ, ಅಂದರೆ ಒಂದೆರಡು ವಿಷಯ ಫೇಲಾಗಿ ಬಾಕಿ ಉಳಿದರೆ, ಮನೆಯಿರುವ ಹುಡುಗ ಬೈಸಿಕೊಂಡು ಮತ್ತೆ ಬರೆಯುತ್ತಾನೆ. ಇವಳು ಓದು ತನಗೆ ಆಗಿಬರುವುದಲ್ಲ ಅಂತ ಕಾಲ್ ಸೆಂಟರ್ ಸೇರಿಬಿಡುತ್ತಾಳೆ. ಆಗ ಬೈಯುವುದಕ್ಕಾದರೂ ನೀವು ಗಂಡ ಹೆಂಡತಿ ಇರಿ.

ನೀವು ಊರಿನ ಸಂಘದಲ್ಲೋ ಗೆಳೆಯರ ವಾಟ್ಸಾಪ್ ಗುಂಪಿನಲ್ಲೋ ಇದನ್ನು ಹೇಳಿ ಸಹಾಯ ಕೇಳುವುದಿದ್ದರೆ ಅವಳ ಹೆಸರು, ಫೋಟೊ, ಬಾಲಗೃಹದ ಹೆಸರು ಹಾಕಬೇಡಿ. ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. 18 ಆದ ಮೇಲೂ ತಾನು ಅನಾಥೆ ಅಂತ ಕ್ಲಾಸಿನಲ್ಲಿ ಹೇಳಬೇಕೋ ಬೇಡವೋ ಅನ್ನುವುದು ಅವಳಿಗೆ ಬಿಟ್ಟಿದ್ದು. ಸಂಘದವರು ಕೊಡುವ ದುಡ್ಡು ನೇರ ಅವಳ ಅಕೌಂಟಿಗೆ ಹೋಗಲಿ. ವೇದಿಕೆ ಮೇಲೆ ಕರೆದು ಶಾಲು ಹೊದಿಸಿ ಚೆಕ್ ಕೊಡುವ ಕಾರ್ಯಕ್ರಮ ಇಟ್ಟುಕೊಂಡರೆ ಬೇಡ ಅನ್ನಿ.