‘ಮುಂದ ಏನಾತು?’ ಎಂದು ಕೇಳುವವರು

ರಾಘವೇಂದ್ರ ಖಾಸನೀಸರ ‘ತಬ್ಬಲಿಗಳು’ ಕಥೆಯನ್ನು ವಿಜಯಪುರದ ನಮ್ಮ ಮನೆಯಲ್ಲಿ ಇಬ್ಬರು ಓದಿದರು. ಕಾಕಾ ಓದಿ ಮುಗಿಸಿ, ‘ಮುಂದ ಏನಾತು? ಇಷ್ಟು ದುಃಖ ಬರದು ನಡುವ ಕೈಬಿಟ್ಟರಲ್ಲ’ ಅಂದರು. ವೈನಿ, ಅಂದರೆ ನಮ್ಮ ಅತ್ತಿಗೆ, ಅದನ್ನೇ ಎರಡು ಸಲ ಓದಿದ್ದರು. ‘ನಮ್ಮ ತವರಮನಿ ನೆನಪಾತು’ ಅಂದರು, ಅಷ್ಟೇ.

ಮನೆಯೊಳಗಿನ ಬಿರುಕನ್ನು ಮನಸ್ಸಿನ ಒಳಗಿಂದ ಹೇಳುವ ಕಥೆಗಳಿಗೆ ಓದುಗರು ಹೀಗೆ ಎರಡಾಗುವುದನ್ನು ಬಹಳ ಸಲ ನೋಡಿದ್ದೇನೆ. ಒಬ್ಬರಿಗೆ ಅದು ಸುಮ್ನೆ ಕೊರಗು. ಇನ್ನೊಬ್ಬರಿಗೆ ತಾವು ಯಾರಿಗೂ ಹೇಳದೇ ಇದ್ದ ಮಾತು. ಅವರವರ ರುಚಿ ಅಂತ ಬಿಟ್ಟುಬಿಡಬಹುದು. ಆದರೆ ನಮ್ಮ ಭಾಗದಲ್ಲಿ ಇಂಥ ಕಥೆ ಯಾರು ಹೇಳಿದರು, ಯಾರ ಎದುರು ಹೇಳಿದರು ಅಂತ ಹಿಂದಕ್ಕೆ ಹೋಗಿ ನೋಡಿದರೆ ನನಗೆ ಬೇರೆಯೇ ಒಂದು ಕಾರಣ ಕಾಣುತ್ತದೆ.

1931ರಲ್ಲಿ ನಮ್ಮ ಜಿಲ್ಲೆಯ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಹೊರತಂದರು. ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು ಅವು. ತವರಿನ ಹಂಬಲ, ಅತ್ತೆಮನೆಯ ಬೇಗುದಿ, ಅಣ್ಣತಮ್ಮಂದಿರ ದಾರಿ ಕಾಯುವುದು, ಎಲ್ಲಾ ಅದರಲ್ಲಿದೆ. ಬೆಳಗಿನ ಜಾವ ಬೀಸುವಾಗ ಇಂಥ ಹಾಡು ಹೊರಡುತ್ತಿದ್ದವು. ಎದುರಿಗೆ ಕೂತು ಗೂಟ ಹಿಡಿದವಳೂ ಯಾವುದೋ ಊರಿನಿಂದ ಬಂದ ಸೊಸೆಯೇ ಅಲ್ವಾ? ಮೂರು ಸಾಲಿಗೆ ಹಾಡು ನಿಂತುಬಿಡುತ್ತಿತ್ತು. ಕೇಳಿದವಳು ಮುಂದೇನಾಯಿತು ಅಂತ ಕೇಳಬೇಕಾಗಿರಲಿಲ್ಲ. ಅವಳಿಗೆ ಅದು ಗೊತ್ತಿತ್ತು.

ಕಾದಂಬರಿಯ ಕಾಲ ಬಂದಾಗ ಕೇಳುವವರು ಬದಲಾದರು. ಬೀಳಗಿಯಲ್ಲಿ ಹುಟ್ಟಿದ ಕೃಷ್ಣಮೂರ್ತಿ ಪುರಾಣಿಕರ ಸಂಸಾರದ ಕಾದಂಬರಿಗಳು ಮನೆಮನೆಗೆ ಹೋದವು. ಅವರ ‘ಕುಲವಧು’ 1963ರಲ್ಲಿ ಸಿನಿಮಾ ಕೂಡ ಆಯಿತು. ನಮ್ಮ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಪಡಸಾಲೆಯಲ್ಲಿ ಯಾರಾದರೂ ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕಾಳು ಹಸನು ಮಾಡುತ್ತಾ ಕೇಳಬೇಕು. ಅತ್ತೆ, ಸೊಸೆ ಇಬ್ಬರೂ ಅಲ್ಲೇ ಕೂತಿರುವಾಗ ಕಥೆ ಇಬ್ಬರಿಗೂ ನ್ಯಾಯ ಕೊಡಬೇಕಾಗುತ್ತದೆ. ಜಗಳ ಬಂದರೆ ಅದು ತೀರಬೇಕು, ಮುರಿದ ಮನೆ ಕೂಡಬೇಕು. ಇಂಥ ಕಾದಂಬರಿಗಳನ್ನು ಬರೀ ಜನಪ್ರಿಯ ಅಂತ ಬದಿಗೆ ಸರಿಸುವವರ ಮಾತು ನನಗೆ ಒಪ್ಪಿಗೆಯಿಲ್ಲ. ಒಂದು ಮನೆಯ ಜನ ಒಟ್ಟಿಗೆ ಕೂತು ತಮ್ಮ ಮನೆಯಂಥದೇ ಜಗಳ ಕೇಳಿಸಿಕೊಳ್ಳುವುದು ಸಣ್ಣ ವಿಷಯವಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಜಾಡೂ ಇತ್ತು. ಅಗರಖೇಡದ ಶ್ರೀರಂಗರು 1934ರಷ್ಟು ಹಿಂದೆಯೇ ‘ವಿಶ್ವಾಮಿತ್ರನ ಸೃಷ್ಟಿ’ ಕಾದಂಬರಿಯಲ್ಲಿ ಮನಸ್ಸಿನೊಳಗೆ ಇಳಿಯುವ ಪ್ರಯೋಗ ಮಾಡಿದ್ದರು. 1961ರಲ್ಲಿ ಶಾಂತಿನಾಥ ದೇಸಾಯಿಯವರ ‘ಮುಕ್ತಿ’ ಕಾದಂಬರಿ ಬಂತು. ನವ್ಯದವರ, ಅಂದರೆ ಆ ಕಾಲದ ಹೊಸ ಬಗೆಯ ಬರಹಗಾರರ, ಕೈಯಲ್ಲಿ ಕಥೆ ಒಬ್ಬನ ತಲೆಯೊಳಗೆ ಹೊಕ್ಕಿತು. 1933ರಲ್ಲಿ ಇಂಡಿಯಲ್ಲಿ ಹುಟ್ಟಿದ ಖಾಸನೀಸರು ಬರೆದದ್ದು ಕಡಿಮೆ. ಆದರೆ ಒಂದೇ ಸೂರಿನಡಿ ಇದ್ದೂ ಒಬ್ಬರಿಗೊಬ್ಬರು ಒದಗಲಾರದ ಜನರನ್ನು ಅವರಷ್ಟು ಸಂಕಟದಿಂದ ನೋಡಿದವರು ಕಡಿಮೆ.

ಇಂಥ ಕಥೆಯನ್ನು ಸಾಮಾನ್ಯವಾಗಿ ಒಬ್ಬರೇ ಓದುತ್ತಾರೆ. ಕಥೆಯಲ್ಲೂ ಹೆಚ್ಚಾಗಿ ಒಂದೇ ಮನಸ್ಸು ಮಾತಾಡುತ್ತಿರುತ್ತದೆ. ಅಪ್ಪ, ಅವ್ವ, ಹೆಂಡತಿ ಎಲ್ಲರೂ ಆ ಮನಸ್ಸಿಗೆ ಕಂಡಷ್ಟೇ ನಮಗೂ ಕಾಣುತ್ತಾರೆ. ಓದುವವರು ಮಗನ ಜಾಗದಲ್ಲಿದ್ದರೆ ಎದೆ ಹಗುರಾಗುತ್ತದೆ. ಅಪ್ಪನ ಜಾಗದಲ್ಲಿದ್ದರೆ? ತನ್ನ ಮಾತು ಕೇಳದೆಯೇ ಪಂಚಾಯ್ತಿ ಮುಗಿಸಿದ ಹಾಗೆ ಅನಿಸುತ್ತದೆ. ನಮ್ಮ ಕಾಕಾನ ಹಿರಿಯ ಮಗ ಪುಣೆಯಲ್ಲಿದ್ದಾನೆ. ಫೋನ್ ಮಾಡುವುದು ಅಪರೂಪ. ‘ಮುಂದ ಏನಾತು’ ಅಂತ ಕಾಕಾ ಕೇಳಿದಾಗ, ಅವರಿಗೆ ಕಥೆಯ ಕಟ್ಟಡ ತಿಳಿಯಲಿಲ್ಲ ಅಂದುಕೊಂಡಿದ್ದೆ. ಅದು ನನ್ನ ತಪ್ಪು. ಅವರಿಗೆ ನಿಜವಾಗಿ ಉತ್ತರ ಬೇಕಿತ್ತು.

ಹೋದ ದೀಪಾವಳಿಗೆ ಅದೇ ಕಥೆಯನ್ನು ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿದೆ. ಕಾಕಾ ನಡುನಡುವೆ ತಡೆದು ಜಗಳ ತೆಗೆದರು. ವೈನಿ ಬಿಡದೆ ಉತ್ತರ ಕೊಟ್ಟರು. ಕಥೆ ಮುಗಿಯಲು ಎರಡು ಸಂಜೆ ಹಿಡಿಯಿತು.