ಎಪಿ ಆರ್ಟ್: ಚಿತ್ರ ಥೇಟ್ ಫೋಟೋ ಹಾಗೆ ಬಂದರೆ ಸಾಕೇ?

ಪ್ರಶ್ನೆ: ಮಗಳು ಈಗ ಹನ್ನೊಂದನೇ ತರಗತಿ. ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಮೆರಿಕದ ಹೈಸ್ಕೂಲಿನಲ್ಲೇ ಕಲಿಯುವ ಕಾಲೇಜು ಮಟ್ಟದ ಕೋರ್ಸ್) ಡ್ರಾಯಿಂಗ್ ತೆಗೆದುಕೊಂಡಿದ್ದಾಳೆ. ಫೋಟೋ ಇಟ್ಟುಕೊಂಡು ಪೆನ್ಸಿಲ್‌ನಲ್ಲಿ ಮುಖಗಳನ್ನು ಥೇಟ್ ಹಾಗೇ ಬಿಡಿಸುತ್ತಾಳೆ. ಇಂಥ 15 ಚಿತ್ರ ಕೊಟ್ಟರೆ ಗರಿಷ್ಠ ಅಂಕವಾದ 5 ಬರುತ್ತದಲ್ಲವೇ? ಈ ತರಗತಿಯಲ್ಲಿ ಇನ್ನೇನು ನಿರೀಕ್ಷಿಸುತ್ತಾರೆ?

ಉತ್ತರ: ಆಗಸ್ಟ್ ಬಂತೆಂದರೆ ಅಮೆರಿಕದ ಕನ್ನಡ ಮನೆಗಳಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಹೇಳಿದರೂ ಮರುವರ್ಷ ಮತ್ತೆ ಅದೇ 15 ಮುಖಗಳು, ಅದೇ ಪೆನ್ಸಿಲ್. ಆದ್ದರಿಂದ ಈ ಸಲ ಬಿಡಿಸಿ ಬರೆಯುತ್ತೇನೆ.

ಮೊದಲು ಲೆಕ್ಕ ತಿಳಿದುಕೊಳ್ಳಿ. ಎಪಿ ಆರ್ಟ್‌ನಲ್ಲಿ ಡ್ರಾಯಿಂಗ್, 2-ಡಿ, 3-ಡಿ ಎಂದು ಮೂರು ಬಗೆ. ಯಾವುದಕ್ಕೂ ಕೂತು ಬರೆಯುವ ಪರೀಕ್ಷೆ ಇಲ್ಲ. ಮಾಡಿದ ಕೆಲಸವನ್ನು ಪೋರ್ಟ್‌ಫೋಲಿಯೋ (ಕೃತಿಸಂಗ್ರಹ) ಮಾಡಿ ಮೇ ಆರಂಭದಲ್ಲಿ, ಎಪಿ ನಡೆಸುವ ಕಾಲೇಜ್ ಬೋರ್ಡ್‌ಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಅದರಲ್ಲಿ ಎರಡು ಭಾಗ. 'ಸಸ್ಟೇನ್ಡ್ ಇನ್ವೆಸ್ಟಿಗೇಶನ್' (ಒಂದೇ ಪ್ರಶ್ನೆಯ ಬೆನ್ನು ಹತ್ತಿ ಮಾಡುವ ಹುಡುಕಾಟ) ಎಂಬುದಕ್ಕೆ 15 ಚಿತ್ರಗಳು, ಒಟ್ಟು ಅಂಕದಲ್ಲಿ ಶೇ 60. 'ಸೆಲೆಕ್ಟೆಡ್ ವರ್ಕ್ಸ್' (ಆಯ್ದ ಕೃತಿಗಳು) ಭಾಗಕ್ಕೆ 5 ಕೃತಿಗಳು, ಶೇ 40. ಈ ಐದನ್ನು ಆ ಹದಿನೈದರಿಂದಲೇ ಆರಿಸಬಹುದು. ಮೊದಲ ಭಾಗದ ಜೊತೆ ಎರಡು ಪುಟ್ಟ ಬರಹ ಕೊಡಬೇಕು: ನಿನ್ನನ್ನು ನಡೆಸಿದ ಪ್ರಶ್ನೆ ಯಾವುದು, ಅದರ ಬೆನ್ನು ಹತ್ತಿ ಏನೇನು ಅಭ್ಯಾಸ, ಪ್ರಯೋಗ, ತಿದ್ದುಪಡಿ ಮಾಡಿದೆ. ಒಂದೊಂದಕ್ಕೆ 600 ಅಕ್ಷರ, ಪದಗಳ ನಡುವಿನ ಖಾಲಿ ಜಾಗವೂ ಸೇರಿ. ಇಂಗ್ಲಿಷಿನಲ್ಲಿ ಅದು ಸುಮಾರು 100 ಪದ, ಅಷ್ಟೇ.

ಈಗ ಮುಖ್ಯ ವಿಷಯ. 'ಥೇಟ್ ಫೋಟೋ ಹಾಗಿದ್ದರೆ 5 ಗ್ಯಾರಂಟಿ' ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. ಚಿತ್ರ ನೋಡಿದ ನೆಂಟರು ಕೊಡುವ ದೊಡ್ಡ ಹೊಗಳಿಕೆಯೇ ಅದು. ಮಗು ಆರನೇ ವಯಸ್ಸಿನಿಂದ ಅದನ್ನೇ ಕೇಳಿಸಿಕೊಂಡು ಬೆಳೆದಿರುತ್ತದೆ. ಮೊದಲ ಭಾಗಕ್ಕೆ ಅಂಕ ಕೊಡುವವರು ನೋಡುವುದು ನಾಲ್ಕು ಸಂಗತಿ: ಪ್ರಶ್ನೆ ಇದೆಯೇ, ಅಭ್ಯಾಸ, ಪ್ರಯೋಗ, ತಿದ್ದುಪಡಿ ಕಾಣುತ್ತಿವೆಯೇ, ಸಾಮಗ್ರಿ, ವಿಧಾನ, ಆಲೋಚನೆ ಒಂದಕ್ಕೊಂದು ಹೊಂದಿವೆಯೇ, ಚಿತ್ರಕಲೆಯ ಕೌಶಲ ಎಷ್ಟಿದೆ. ಕೈಯ ಕೌಶಲ ಈ ನಾಲ್ಕರಲ್ಲಿ ಒಂದು. ಉಳಿದ ಮೂರರ ಮುಂದೆ 15 ನಕಲು ಮುಖಗಳಿಗೆ ಹೇಳಲು ಏನೂ ಇರುವುದಿಲ್ಲ. ಮೊದಲ ಚಿತ್ರದಲ್ಲಿ ಗೊತ್ತಿದ್ದದ್ದೇ ಹದಿನೈದನೆಯದರಲ್ಲೂ ಗೊತ್ತಿದೆ. ನಡುವೆ ಏನೂ ಬದಲಾಗಿಲ್ಲ.

ಸಮಯದ ಲೆಕ್ಕವೂ ಕೂಡಿಬರುವುದಿಲ್ಲ. ಫೋಟೋದಷ್ಟು ನಯವಾದ ಒಂದು ಮುಖಕ್ಕೆ 40 ಗಂಟೆ ಎಂದುಕೊಳ್ಳಿ. ಹದಿನೈದಕ್ಕೆ 600 ಗಂಟೆ. ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ರಜೆ ಕಳೆದು 30 ವಾರ, ದಿನಕ್ಕೆ 50 ನಿಮಿಷದ ತರಗತಿ ಎಂದರೆ ಶಾಲೆಯಲ್ಲಿ ಸಿಗುವುದು ಸುಮಾರು 125 ಗಂಟೆ. ಮನೆಯಲ್ಲಿ ಅಷ್ಟೇ ಹೊತ್ತು ಕೂತರೂ ಅರ್ಧ ದಾರಿ ಮುಟ್ಟುವುದಿಲ್ಲ. ಆಗ ಆಗುವುದೇನು? ಜನವರಿವರೆಗೆ ಐದು ಚಿತ್ರ, ಏಪ್ರಿಲ್‌ನಲ್ಲಿ ನಿದ್ದೆಗೆಟ್ಟು ಹತ್ತು. ಆ ಹತ್ತರ ಅವಸರ ಪ್ರತಿ ಗೆರೆಯಲ್ಲೂ ಕಾಣುತ್ತದೆ.

ಇನ್ನು ಆ ಕೌಶಲವಾದರೂ ಪೂರ್ತಿ ನಿಜವೇ? ಚೌಕ ಹಾಕಿ ಫೋಟೋ ಇಳಿಸಿದಾಗ ಎಲ್ಲಿ ಕತ್ತರಿಸಬೇಕು, ಬೆಳಕು ಎಲ್ಲಿಂದ ಬರಬೇಕು, ಯಾವ ಅಂಚು ಹರಿತ, ಯಾವುದು ಮಸುಕು ಎಂಬುದನ್ನೆಲ್ಲ ಕ್ಯಾಮೆರಾ ಮೊದಲೇ ತೀರ್ಮಾನಿಸಿರುತ್ತದೆ. ತೋಳಳತೆಯಲ್ಲಿ ಫೋನ್ ಹಿಡಿದು ತೆಗೆದ ಮುಖದಲ್ಲಿ ಮೂಗು ಉಬ್ಬಿ ಕಿವಿ ಹಿಂದೆ ಸರಿದಿರುತ್ತದೆ. ಮಗು ಆ ತಪ್ಪನ್ನೂ ಶ್ರದ್ಧೆಯಿಂದ ಬರೆಯುತ್ತದೆ. ನೆರಳಿನೊಳಗೆ ಕಣ್ಣಿಗೆ ಕಾಣುವ ಸೂಕ್ಷ್ಮ ಫೋಟೋದಲ್ಲಿ ಬರೀ ಕಪ್ಪು ಕಲೆ. ಎಚ್‌ಬಿ ಪೆನ್ಸಿಲ್ ಒಂದನ್ನೇ ಬಳಸಿ, ಬೆರಳಲ್ಲಿ ತೀಡಿದರಂತೂ ಇಡೀ ಚಿತ್ರ ನಡುವಿನ ಬೂದು ಬಣ್ಣಕ್ಕೆ ಬಂದು ನಿಲ್ಲುತ್ತದೆ. ನಿಜವಾದ ಕಪ್ಪಿಗೆ 4ಬಿ, 6ಬಿಯಂಥ ಮೆತ್ತನೆಯ ಪೆನ್ಸಿಲ್ ಅಥವಾ ಇದ್ದಿಲು ಬೇಕು. ಅದಕ್ಕಿಂತ ಮುಖ್ಯವಾಗಿ, ಎದುರಿಗೆ ಕೂತ ಮನುಷ್ಯನನ್ನು ಒಂದು ದೀಪದ ಬೆಳಕಲ್ಲಿ ನೋಡಿ ಬರೆಯಬೇಕು. ವಾರಕ್ಕೆ ಮೂರು ದಿನ 20 ನಿಮಿಷ ಹೀಗೆ ನೋಡಿ ಬರೆದರೆ ಎರಡು ತಿಂಗಳಲ್ಲಿ ಗೆರೆಯೇ ಬೇರೆಯಾಗುತ್ತದೆ.

ಇದರ ಜೊತೆಗೆ ಒಂದು ನಿಯಮವೂ ಇದೆ. ಬೇರೆಯವರು ತೆಗೆದ ಫೋಟೋ ಅಥವಾ ಅಂತರ್ಜಾಲದಲ್ಲಿ ಸಿಕ್ಕ ಚಿತ್ರ ಬಳಸಿದರೆ, ಅದು ನಕಲನ್ನು ದಾಟಿ ಗಣನೀಯವಾಗಿ ಬದಲಾಗಿರಬೇಕು. ಬಣ್ಣ ಬದಲಿಸಿದರೆ, ಹಿನ್ನೆಲೆಯಲ್ಲಿ ಹೂವು ಸೇರಿಸಿದರೆ ಸಾಲದು. ಎಐನಿಂದ ಚಿತ್ರ ಮಾಡಿಸುವುದು ಯಾವ ಹಂತದಲ್ಲೂ ನಿಷಿದ್ಧ.

ಹಾಗಾದರೆ 'ಪ್ರಶ್ನೆ' ಎಂದರೇನು? 'ನನ್ನ ಸಂಸ್ಕೃತಿ', 'ಭಾರತೀಯ ಹಬ್ಬಗಳು' ಇವು ವಿಷಯಗಳು, ಪ್ರಶ್ನೆಗಳಾಗುವುದಿಲ್ಲ. ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲೇ: ನವಿಲು, ದೀಪ, ಭರತನಾಟ್ಯದ ಕಣ್ಣು ಎಂದು 15 ಬಿಡಿ ಚಿತ್ರ ಜೋಡಿಸಿಬಿಡುತ್ತಾರೆ. ಪ್ರಶ್ನೆಗೆ ಉತ್ತರ ಮೊದಲೇ ಗೊತ್ತಿರಬಾರದು, ಕೈಯಲ್ಲಿ ಮಾಡಿ ನೋಡಿದರೆ ಮಾತ್ರ ತಿಳಿಯುವಂತಿರಬೇಕು. ಒಂದು ಉದಾಹರಣೆ: ಹೊಸ್ತಿಲ ಮುಂದೆ ಹಾಕುವ ಚುಕ್ಕಿ ರಂಗೋಲಿ, ಅಂಗಳವೇ ಇಲ್ಲದ ಅಪಾರ್ಟ್‌ಮೆಂಟಿನಲ್ಲಿ ಎಲ್ಲಿಗೆ ಹೋಗುತ್ತದೆ?

ಮೊದಲು ಕಪ್ಪು ಕಾಗದದ ಮೇಲೆ ಬಿಳಿ ಪೇಸ್ಟಲ್‌ನಲ್ಲಿ 7 ಚುಕ್ಕಿಯಿಂದ 1ಕ್ಕೆ ಇಳಿಯುವ ರಂಗೋಲಿ. ನೋಡಲು ಚೆಂದ, ಆದರೆ ಪ್ರಶ್ನೆಗೂ ಅದಕ್ಕೂ ಸಂಬಂಧವಿಲ್ಲ. ಎರಡನೆಯದಾಗಿ ಬಾಗಿಲ ಮುಂದಿನ ಕಾರ್ಪೆಟ್ ಮೇಲೆ ಅಕ್ಕಿಹಿಟ್ಟಿನಲ್ಲೇ ಹಾಕಿ ನೋಡಲಿ. ಹಿಟ್ಟು ಎಳೆಗಳ ಸಂದಿಗೆ ಇಳಿದು ಗೆರೆ ನಿಲ್ಲುವುದಿಲ್ಲ. ಈ ಸೋಲೇ ಮುಂದಿನ ದಾರಿ. ಒಡೆದ ಆ ಗೆರೆಯನ್ನು ನೋಡಿಕೊಂಡು ಇದ್ದಿಲಲ್ಲಿ ಬರೆದು ಅಳಿಸುರಬ್ಬರ್‌ನಿಂದ ಕೆತ್ತುವುದು. ಚುಕ್ಕಿ ಉಳಿಸಿ ಗೆರೆ ಬಿಡುವುದು. ಕಾರಿಡಾರಿನ ಪರ್‌ಸ್ಪೆಕ್ಟಿವ್‌ನಲ್ಲಿ ಚುಕ್ಕಿಸಾಲು ದೂರ ಹೋದಂತೆ ಕಿರಿದಾಗುವುದು. ಅಜ್ಜಿಯ ಬೆರಳು ಪುಡಿ ಬಿಡುವ ಭಂಗಿಯನ್ನು ವಿಡಿಯೋ ಕರೆಯಲ್ಲಿ ನೋಡಿ 2 ನಿಮಿಷದ ಸ್ಕೆಚ್‌ಗಳಲ್ಲಿ ಹಿಡಿಯುವುದು. ಏಳೆಂಟನೇ ಕೃತಿಯ ಹೊತ್ತಿಗೆ ಪ್ರಶ್ನೆಯೇ ಬದಲಾಗಿರುತ್ತದೆ. ರಂಗೋಲಿ ಎಲ್ಲಿಗೆ ಹೋಯಿತು ಎಂಬುದರಿಂದ, ದಿನಾ ಅಳಿಸುವುದಕ್ಕಾಗಿಯೇ ಬಿಡಿಸುವ ಗೆರೆಯನ್ನು ಕಾಗದದಲ್ಲಿ ಉಳಿಸುವುದು ಸರಿಯೇ ಎಂಬುದಕ್ಕೆ. ಬದಲಾಗಲಿ, ಅದನ್ನು 600 ಅಕ್ಷರದಲ್ಲಿ ಹೇಳಲಿ. 15 ಚಿತ್ರಗಳಲ್ಲಿ ಮೂರ್ನಾಲ್ಕು ಸ್ಕೆಚ್‌ಬುಕ್ ಪುಟ, ಪ್ರಯೋಗದ ಹಂತಗಳಾಗಿದ್ದರೂ ತಪ್ಪಿಲ್ಲ, ಅದಕ್ಕೆ ಅವಕಾಶವಿದೆ. ಇದನ್ನೇ ಮುಖ್ಯವಾಗಿ ಕ್ಯಾಮೆರಾದಲ್ಲಿ ಮಾಡಿದರೆ ಅದು 2-ಡಿ ಪೋರ್ಟ್‌ಫೋಲಿಯೋಗೆ ಸೇರುತ್ತದೆ. ಗೆರೆ, ಮೇಲ್ಮೈ, ನೆರಳು ಮುಖ್ಯವಾದರೆ ಡ್ರಾಯಿಂಗ್.

ತರಗತಿಯ ಉಳಿದ ನಿರೀಕ್ಷೆಗಳು ಸರಳ. ಹತ್ತು ದಿನಕ್ಕೊಂದು ಕೃತಿ, ಸದಾ ಜೊತೆಗಿರುವ ಸ್ಕೆಚ್‌ಬುಕ್, ಎಲ್ಲರೆದುರು ಚಿತ್ರ ನಿಲ್ಲಿಸಿ ಮಾತು ಕೇಳಿಸಿಕೊಳ್ಳುವ ವಿಮರ್ಶೆಯ ದಿನ. 'ಚೆನ್ನಾಗಿದೆ' ಎಂಬ ಮಾತಿಗೆ ಅಲ್ಲಿ ಬೆಲೆ ಇಲ್ಲ. 'ಕಣ್ಣು ಮೊದಲು ಬಲಮೂಲೆಗೆ ಹೋಗುತ್ತದೆ, ಅದು ಬೇಕಿತ್ತೇ?' ಎಂಬಂಥ ಮಾತು ಬೇಕು. ಮನೆಯಲ್ಲೂ ಅದನ್ನು ಅಭ್ಯಾಸ ಮಾಡಿ. 2019ರವರೆಗೆ ಪೋರ್ಟ್‌ಫೋಲಿಯೋದಲ್ಲಿ ಮೂರು ಭಾಗವಿತ್ತು, ಹಲವು ಬಗೆಯ ಚಿತ್ರಗಳಿಗೆಂದೇ ಒಂದು ಭಾಗ ಮೀಸಲಾಗಿತ್ತು. ಆಗ ಬರೆದ ದೊಡ್ಡಣ್ಣ, ದೊಡ್ಡಕ್ಕಂದಿರ ಸಲಹೆ ಈಗ ಪೂರ್ತಿ ಹೊಂದುವುದಿಲ್ಲ.

ಯಾರೂ ಕೇಳದ, ಆದರೆ ಕೇಳಬೇಕಾದ ಒಂದು ವಿಷಯ ಉಳಿಯಿತು: ಚಿತ್ರದ ಫೋಟೋ ತೆಗೆಯುವುದು ಹೇಗೆ? ಅಂಕ ಕೊಡುವವರು ಕಾಗದ ನೋಡುವುದಿಲ್ಲ, ಪರದೆ ನೋಡುತ್ತಾರೆ. ವರ್ಷದ ಕೆಲಸವನ್ನು ಊಟದ ಮೇಜಿನ ಮೇಲಿಟ್ಟು, ತಲೆಯ ನೆರಳು ಬೀಳಿಸಿಕೊಂಡು ಫೋಟೋ ತೆಗೆಯುವ ಮಕ್ಕಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಚಿತ್ರವನ್ನು ಗೋಡೆಗೆ ನೇರವಾಗಿ ಅಂಟಿಸಿ. ಫೋನ್ ಚಿತ್ರದ ನಟ್ಟನಡುವಿನ ಎತ್ತರದಲ್ಲಿರಲಿ, ಸ್ಟ್ಯಾಂಡ್ ಮೇಲಿದ್ದರೆ ಇನ್ನೂ ಒಳ್ಳೆಯದು. ಹತ್ತಿರ ಹೋಗಬೇಡಿ, 5–6 ಅಡಿ ದೂರ ನಿಂತು 2 ಪಟ್ಟು ಜೂಮ್ ಮಾಡಿದರೆ ಅಂಚು ಬಾಗುವುದಿಲ್ಲ. ಒಂದೇ ಬಗೆಯ ಎರಡು ದೀಪ, ಎರಡೂ ಬದಿಯಿಂದ 45 ಡಿಗ್ರಿಯಲ್ಲಿ. ಕೋಣೆಯ ಉಳಿದ ದೀಪ, ಫ್ಲ್ಯಾಶ್ ಆರಿಸಿ. ಎರಡು ಬಣ್ಣದ ಬೆಳಕು ಬೆರೆತರೆ ಕಾಗದದ ಒಂದು ಬದಿ ಹಳದಿ, ಇನ್ನೊಂದು ನೀಲಿ. ಕಿಟಕಿ ಬೆಳಕೊಂದೇ ಇದ್ದರೆ ಎದುರು ಬದಿಗೆ ಬಿಳಿ ಥರ್ಮಾಕೋಲ್ ಹಲಗೆ ಹಿಡಿಯಿರಿ. 6ಬಿ ಪೆನ್ಸಿಲ್‌ನ ಕಪ್ಪು ಲೋಹದಂತೆ ಹೊಳೆಯುತ್ತದೆ, ಹಾಗಾದಾಗ ದೀಪಗಳನ್ನು ಇನ್ನಷ್ಟು ಬದಿಗೆ ಸರಿಸಿ. ಬಿಳಿ ಕಾಗದ ಬೂದು ಬಣ್ಣಕ್ಕೆ ಬಂದರೆ ಎಕ್ಸ್‌ಪೋಷರ್ (ಫೋಟೋದ ಬೆಳಕು) ತುಸು ಏರಿಸಿ. ಫಿಲ್ಟರ್ ಬೇಡವೇ ಬೇಡ.

ಇದನ್ನು ಏಪ್ರಿಲ್‌ಗೆ ಎತ್ತಿಡದೆ ಪ್ರತಿ ಕೃತಿ ನಡುವಿನಲ್ಲಿರುವಾಗಲೇ ಒಂದೆರಡು ಸಲ ತೆಗೆದು, ದಿನಾಂಕದ ಹೆಸರಲ್ಲಿ ಉಳಿಸಿಡಿ. ಅಳಿಸಿ ಮತ್ತೆ ಬರೆದ ಮೇಲೆ ಮೊದಲ ಗೆರೆ ಸಿಗುವುದಿಲ್ಲ, ತಿದ್ದಿದ್ದಕ್ಕೆ ಆ ಫೋಟೋ ಒಂದೇ ಸಾಕ್ಷಿ.