ಪದ ಪರಿಚಯ: ಅಪ್ರೆಂಟಿಸ್, ಅಂದರೆ ಶಿಶಿಕ್ಷು

ಮಾರ್ಕ್ಸ್ ಕಾರ್ಡಿಗೆಂದು ಕಾಲೇಜಿಗೆ ಬಂದಿದ್ದ ಬಿ.ಕಾಂ ಹುಡುಗನೊಬ್ಬ ಸ್ಟಾಫ್‌ರೂಮಿಗೂ ಬಂದು, ‘ಸಾರ್, ಕೆಲಸ ಸಿಕ್ತು’ ಎಂದು ಮೊಬೈಲನ್ನು ನನ್ನ ಮುಂದಿಟ್ಟ. ಮಂಡ್ಯದ ಪಕ್ಕದ ಹಳ್ಳಿಯವನು, ಮನೆಯಲ್ಲಿ ಎರಡು ಎಕರೆ ಕಬ್ಬು. ಮೈಸೂರಿನ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಿಂದ ಬಂದ ಪತ್ರ ಅದು. ಎರಡು ಸಲ ಓದಿದೆ. ಸ್ಯಾಲರಿ ಎಂಬ ಮಾತು ಎಲ್ಲೂ ಇರಲಿಲ್ಲ, ಸ್ಟೈಫಂಡ್, ಅಂದರೆ ಕಲಿಕೆಯ ಭತ್ಯೆ ಎಂದಿತ್ತು. ಹುದ್ದೆಯ ಜಾಗದಲ್ಲಿ ಗ್ರಾಜುಯೇಟ್ ಅಪ್ರೆಂಟಿಸ್, ಅವಧಿ 12 ತಿಂಗಳು. ‘ಇದು ಕೆಲಸ ಅಲ್ಲಪ್ಪ’ ಎಂದೆ. ಅವನ ಮುಖ ಸಪ್ಪಗಾಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ತಪ್ಪಾಗುತ್ತಿತ್ತು, ಕೂರಿಸಿಕೊಂಡು ಮಾತಾಡಿದೆ.

ಸಂಜೆ ಅವನ ಅಪ್ಪ ಫೋನ್ ಮಾಡಿದರು. ‘ಅಪ್ರೆಂಟಿಸಾ ಸಾ? ಅದು ಐಟಿಐ ಓದ್ದೋರ್ಗಲ್ವಾ, ಅಶೋಕಪುರಂ ರೈಲ್ವೆ ವರ್ಕ್‌ಶಾಪಲ್ಲಿ ತಗೋತಾರಲ್ಲ? ನಮ್ ಹುಡ್ಗ ಬೀಕಾಂ ಮಾಡವ್ನೆ.’

ಆ ಅನುಮಾನಕ್ಕೆ ಕಾರಣವಿದೆ. ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ. ಫಿಟ್ಟರ್, ಟರ್ನರ್, ವೆಲ್ಡರ್‌ಗಳಂಥ ಕಸುಬುಗಳನ್ನು ಕಾರ್ಖಾನೆಯೊಳಗೇ ಕಲಿಸಲಿ ಎಂಬುದು ಅದರ ಮೊದಲ ಉದ್ದೇಶ. 1973ರ ತಿದ್ದುಪಡಿಯಲ್ಲಿ ಎಂಜಿನಿಯರಿಂಗ್ ಪದವಿ, ಡಿಪ್ಲೊಮಾ ಮುಗಿಸಿದವರು ಸೇರಿಕೊಂಡರು. ಬಿ.ಎ, ಬಿ.ಕಾಂ, ಬಿ.ಎಸ್ಸಿಯವರಿಗೆ ಬಾಗಿಲು ತೆರೆದದ್ದು 2014ರ ತಿದ್ದುಪಡಿ. ಹಾಗಾಗಿ ಈ ಪದ ಕೇಳಿದರೆ ಮೈಸೂರು ಸೀಮೆಯ ಹಿರಿಯರಿಗೆ ಇವತ್ತಿಗೂ ಗ್ರೀಸು ಮೆತ್ತಿದ ಕೈಯೇ ಕಣ್ಣಿಗೆ ಕಟ್ಟುತ್ತದೆ.

ಪದದ ಹುಟ್ಟು ಕೂಡ ಕೈಗೆ ಸಂಬಂಧಿಸಿದ್ದೇ. ಹಳೆಯ ಫ್ರೆಂಚಿನಲ್ಲಿ ‘ಕಲಿ’ ಎಂಬರ್ಥದ ಕ್ರಿಯಾಪದದಿಂದ ಇಂಗ್ಲಿಷಿಗೆ ಬಂತು. ಅದರ ಬೇರು ಲ್ಯಾಟಿನ್ನಿನಲ್ಲಿದೆ, ಅಲ್ಲಿ ಅದರ ಅರ್ಥ ‘ಹಿಡಿ’. ನಾವೂ ವಿದ್ಯೆ ಹತ್ತಿತು, ಕಸುಬು ಕೈಹಿಡಿಯಿತು ಎನ್ನುತ್ತೇವಲ್ಲ. ನಮ್ಮ ಸರ್ಕಾರಿ ಪ್ರಕಟಣೆಗಳಲ್ಲಿ ಇದಕ್ಕೆ ‘ಶಿಶಿಕ್ಷು’ ಎಂದು ಬರೆಯುತ್ತಾರೆ. ಮುಮುಕ್ಷು ಎಂದರೆ ಬಿಡುಗಡೆ ಬಯಸುವವ, ಜಿಜ್ಞಾಸು ಎಂದರೆ ತಿಳಿಯಬಯಸುವವ. ಅದೇ ಅಚ್ಚಿನಲ್ಲಿ ಶಿಶಿಕ್ಷು ಎಂದರೆ ಕಲಿಯಬಯಸುವವ. ನಾಲಿಗೆಗೆ ತೊಡಕಿನ ಪದ, ನಮ್ಮ ಹುಡುಗರು ಯಾರೂ ಆಡುವುದಿಲ್ಲ. ಆದರೂ ನನಗೆ ಇದು ಇಷ್ಟ, ವಿಷಯದ ಹುರುಳನ್ನು ನೇರವಾಗಿ ಹೇಳುತ್ತದೆ.

ಕಾಯ್ದೆಯ ಕಣ್ಣಲ್ಲಿ ಅಪ್ರೆಂಟಿಸ್ ಕಲಿಯುವವನು, ಕಾರ್ಮಿಕನಲ್ಲ. ಇದರಿಂದ ಕಳೆದುಕೊಳ್ಳುವುದೂ ಇದೆ: ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಕಂಪನಿಗಿಲ್ಲ. ಒಪ್ಪಂದದಲ್ಲೇ ಬರೆದುಕೊಟ್ಟಿದ್ದರೆ ಮಾತು ಬೇರೆ. ಕೆಲವು ಕಡೆ ಮುಂದಿನ ದಾರಿಗೆ ಸ್ವಲ್ಪ ಅನುಕೂಲವಾಗುತ್ತದೆ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಅಲ್ಲಿನ ಲೆವೆಲ್-1, ಅಂದರೆ ಮೊದಲ ಹಂತದ ನೇಮಕದಲ್ಲಿ ಶೇ 20ರಷ್ಟು ಹುದ್ದೆ ಮೀಸಲಿದೆ. ಆದರೆ ಅದು ರೈಲ್ವೆಯ ಮಾತು, ಎಲ್ಲ ಕಡೆಯೂ ಹಾಗೇ ಎಂದುಕೊಳ್ಳಬಾರದು.

ಕಲಿಯುವವನು ಎಂಬುದರಿಂದಲೇ ಸಿಗುವ ರಕ್ಷಣೆಯೂ ಇದೆ, ಇದನ್ನು ಹೇಳಿಕೊಡುವವರು ಕಡಿಮೆ. ಅಪ್ರೆಂಟಿಸ್‌ಗೆ ಮಾಡಿದ ಪೀಸಿನ ಲೆಕ್ಕದಲ್ಲಿ ದುಡ್ಡು ಕೊಡುವಂತಿಲ್ಲ, ಉತ್ಪಾದನೆಯ ಬೋನಸ್, ಇನ್ಸೆಂಟಿವ್ ಎಂದು ಓಡಿಸುವಂತಿಲ್ಲ. ಕಾಯ್ದೆಯ 13ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಕೆಲಸದ ಜಾಗದಲ್ಲಿ ಗಾಯವಾದರೆ ಪರಿಹಾರದ ಹಕ್ಕಿದೆ. ಹಿಂದಿನ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳನ್ನು ಒಂದು ಸಂಸ್ಥೆ ಅಪ್ರೆಂಟಿಸ್ ಎಂದು ಕರೆದುಕೊಂಡು, ತಿಂಗಳಿಗೆ ಇಷ್ಟು ಖಾತೆ ತೆರೆಸಬೇಕು, ಇಲ್ಲದಿದ್ದರೆ ದುಡ್ಡಿಲ್ಲ ಎಂದು ಬಿಸಿಲಲ್ಲಿ ಬೀದಿ ಬೀದಿ ಸುತ್ತಿಸಿತು. ಒಪ್ಪಂದಪತ್ರ ತೋರಿಸಮ್ಮ ಎಂದರೆ ಅವಳ ಹತ್ತಿರ ಏನೂ ಇರಲಿಲ್ಲ. ಕಂಪನಿಯೂ ಅಭ್ಯರ್ಥಿಯೂ ಸಹಿ ಹಾಕಿದ, ಸರ್ಕಾರದಲ್ಲಿ ನೋಂದಣಿಯಾದ ಒಪ್ಪಂದ ಇಲ್ಲದಿದ್ದರೆ ಅದು ಈ ಕಾಯ್ದೆಯ ಅಪ್ರೆಂಟಿಸ್‌ಶಿಪ್ಪೇ ಅಲ್ಲ. ಆ ಹುಡುಗಿ ನಾಲ್ಕು ತಿಂಗಳು ಕಳೆದುಕೊಂಡಳು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನೋಂದಣಿಗೆ ಎರಡು ದಾರಿ. ಪದವಿ, ಡಿಪ್ಲೊಮಾದವರಿಗೆ ಶಿಕ್ಷಣ ಸಚಿವಾಲಯದ ‘ನ್ಯಾಟ್ಸ್’ ಯೋಜನೆ. ನಮ್ಮ ಭಾಗಕ್ಕೆ ಅದನ್ನು ನೋಡಿಕೊಳ್ಳುವ ಮಂಡಳಿ ಚೆನ್ನೈನಲ್ಲಿದೆ, ವರ್ಷ ಮುಗಿದ ಮೇಲೆ ಪ್ರಮಾಣಪತ್ರ ಬರುವುದೂ ಅಲ್ಲಿಂದಲೇ. ಇನ್ನೊಂದು ಕೌಶಲ ಸಚಿವಾಲಯದ ‘ನ್ಯಾಪ್ಸ್’, 2016ರಲ್ಲಿ ಶುರುವಾದದ್ದು, ಐಟಿಐಯವರು ಹೆಚ್ಚಾಗಿ ಬರುವುದು ಇಲ್ಲಿಗೆ.

ಪಕ್ಕದ ಪದಗಳ ಜೊತೆ ಇದು ಕಲಸಿಹೋಗುತ್ತದೆ. ಇಂಟರ್ನ್‌ಶಿಪ್ ಸಾಮಾನ್ಯವಾಗಿ ಓದಿನ ಒಳಗಿನ ಕೆಲವು ವಾರಗಳು, ಕ್ರೆಡಿಟ್‌ಗಾಗಿ. ಅದರಲ್ಲಿ ಸ್ಟೈಫಂಡ್ ಕೊಡಬೇಕೆಂದು ಈ ಕಾಯ್ದೆ ಹೇಳುವುದಿಲ್ಲ. ಪ್ರೊಬೇಷನ್‌ನಲ್ಲಿರುವವನು ಆಗಲೇ ನೌಕರ, ಪರೀಕ್ಷೆಯ ಅವಧಿಯಲ್ಲಿದ್ದಾನೆ ಅಷ್ಟೆ. ಟ್ರೈನೀ ಎಂಬುದು ಕಂಪನಿ ತನಗೆ ಬೇಕಾದಂತೆ ಬಳಸುವ ಪದ, ಪತ್ರ ಓದದೆ ಅದರ ಅರ್ಥ ಹೇಳಲಾಗದು.

ಈಗ ದುಡ್ಡಿನ ವಿಚಾರ. 2019ರಲ್ಲಿ ತಿದ್ದಿದ ನಿಯಮ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9000 ರೂಪಾಯಿ, ಡಿಪ್ಲೊಮಾದವರಿಗೆ 8000 ಎಂದು ಗೊತ್ತುಮಾಡಿತ್ತು. ನ್ಯಾಟ್ಸ್‌ನಲ್ಲಿ ಕನಿಷ್ಠ ಮೊತ್ತದ ಅರ್ಧ ಸರ್ಕಾರದ್ದು. ಕಂಪನಿ ಹೆಚ್ಚು ಕೊಡಬಹುದು, ಕಡಿಮೆ ಕೊಡುವಂತಿಲ್ಲ. ಅಪ್ರೆಂಟಿಸ್ ಆಗಿದ್ದಷ್ಟು ದಿನ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಸಿಗುವುದಿಲ್ಲ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ‘ಬೆಂಗಳೂರಲ್ಲಿ ಡೆಲಿವರಿ ಓಡ್ಸುದ್ರೂ ಇದಕ್ಕಿಂತ ಜಾಸ್ತಿ ಬತ್ತದೆ’ ಎಂದರು ಅಪ್ಪ. ನಿಜ. ಇದೇ ಪತ್ರ ಬೆಂಗಳೂರಿನಿಂದ ಬಂದಿದ್ದರೆ, ಪಿಜಿ ಬಾಡಿಗೆಗೇ ಎಲ್ಲ ಹೋಗುತ್ತದೆ, ಬೇಡ ಎನ್ನುತ್ತಿದ್ದೆ. ಮೈಸೂರಾದರೆ ಮನೆಯಲ್ಲಿ ಉಂಡು ಮಂಡ್ಯದಿಂದ ರೈಲಿನಲ್ಲಿ ಹೋಗಿಬರಬಹುದು.

ನನ್ನ ಲೆಕ್ಕ ಬೇರೆ ಇತ್ತು. ನಮ್ಮ ಲ್ಯಾಬಿನಲ್ಲಿ ಹುಡುಗರು ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಕಲಿಯುವುದು ಪುಸ್ತಕದ ಎಂಟ್ರಿಗಳಿಂದ, ಅಲ್ಲಿ ಎಲ್ಲ ಬಿಲ್ಲೂ ಸರಿಯಾಗಿರುತ್ತವೆ. ಅಕೌಂಟ್ಸ್ ವಿಭಾಗದಲ್ಲಿ ಹಾಗಲ್ಲ. ಪ್ರತಿ ತಿಂಗಳು 11ರೊಳಗೆ ಮಾರಾಟದ ವಿವರದ ಜಿಎಸ್‌ಟಿಆರ್-1 ಹೋಗಬೇಕು, 20ರೊಳಗೆ ತೆರಿಗೆ ಲೆಕ್ಕದ 3ಬಿ. ಸಪ್ಲೈಯರ್ ಒಂದು ಬಿಲ್ಲು ಹಾಕಿರುವುದಿಲ್ಲ, ಇನ್ನೊಬ್ಬರ ಮೊತ್ತ ತಾಳೆಯಾಗುವುದಿಲ್ಲ, ಫೋನ್ ಮಾಡಿ ಕೇಳಬೇಕು. 12 ತಿಂಗಳೆಂದರೆ ಈ ಸುತ್ತು 12 ಸಲ. ಮಧ್ಯೆ ಮಾರ್ಚ್ ಕೊನೆಯ ಲೆಕ್ಕ, ಆಡಿಟ್. ಇದನ್ನು ಯಾವ ಕೋಚಿಂಗ್ ಸೆಂಟರೂ ಕಲಿಸಲಾರದು. ಕಲಿಸುವವರು ಅಲ್ಲಿದ್ದರೆ ಮಾತ್ರ, ಅದೇ ಮುಖ್ಯ. ಬರೀ ಜೆರಾಕ್ಸ್ ಮಾಡಿಸುವ ಜಾಗವಾದರೆ ಒಂದು ವರ್ಷ ಹಾಗೇ ಹೋಗುತ್ತದೆ.

ಅದಕ್ಕೇ ಅವನಿಗೆ ಹೇಳಿದೆ: ‘ಎಚ್‌ಆರ್ ಹತ್ರ ಎರಡೇ ಕೇಳು. ಒಪ್ಪಂದ ಯಾವ ಪೋರ್ಟಲಲ್ಲಿ ರಿಜಿಸ್ಟರ್ ಆಗುತ್ತೆ? ನನಗೆ ಕಲಿಸೋರು ಯಾರು?’ ಎರಡನೆಯದನ್ನು ಕೇಳಲು ಅವನಿಗೆ ಸಂಕೋಚ, ಆದರೂ ಕೇಳಿದ. ಹಿರಿಯ ಅಕೌಂಟೆಂಟ್ ಒಬ್ಬರ ಹೆಸರು ಹೇಳಿದರಂತೆ, ಅವರೇ ಬಂದು ಮಾತಾಡಿಸಿದರಂತೆ. ಸಹಿ ಹಾಕಿದ.

ಎರಡನೇ ತಿಂಗಳ 12ನೇ ತಾರೀಕು ಬೆಳಗ್ಗೆ ರೈಲಿನಿಂದ ಅವನ ಮೆಸೇಜು ಬಂತು. ‘ಸಾರ್, ನಿನ್ನೆ ಜಿಎಸ್‌ಟಿಆರ್-1 ಹಾಕಿದ್ವಿ. ಮೂರು ಬಿಲ್ಲಲ್ಲಿ ಪಾರ್ಟಿ ಜಿಎಸ್‌ಟಿ ನಂಬರ್ ತಪ್ಪಿತ್ತು. ನಾನೇ ಹಿಡಿದೆ.’